ಟವರ್ ಸಿಗದ ಕಡೆಯೂ ಫೋಟೊ ಕಾಣಬೇಕು: ಫ್ಲಟರ್ ಆ್ಯಪ್‌ನಲ್ಲಿ ಚಿತ್ರ ಕ್ಯಾಶ್ ಮಾಡುವ ಒಂದೇ ವಿಜೆಟ್

ಶಿರಸಿ ಪೇಟೆಯಲ್ಲಿ ನಿಂತು ತೆರೆದರೆ ಆ್ಯಪ್‌ನಲ್ಲಿ ಎಲ್ಲವೂ ಪಟಪಟನೆ ಬರುತ್ತದೆ. ಅದೇ ಆ್ಯಪನ್ನು ತೋಟದ ಮನೆಗೆ ಇಳಿಯುವ ದಾರಿಯಲ್ಲೋ ದೇವಿಮನೆ ಘಟ್ಟದ ತಿರುವಿನಲ್ಲೋ ತೆರೆದರೆ ಬರೀ ಬೂದು ಚೌಕ. ಅಕ್ಷರ ಹೇಗೋ ಬರುತ್ತದೆ, ದರವೂ ಬರುತ್ತದೆ, ಫೋಟೊ ಮಾತ್ರ ಇಲ್ಲ. ಅರ್ಧ ಗಂಟೆ ಹಿಂದೆ ಅದೇ ಫೋಟೊ ನೋಡಿದ್ದವರಿಗೆ ಇದು ಆ್ಯಪ್‌ನ ತಪ್ಪಾಗಿಯೇ ಕಾಣುತ್ತದೆ. ಅದು ಆ್ಯಪ್‌ನ ತಪ್ಪೇ ಹೌದು. ಒಮ್ಮೆ ಫೋನಿಗೆ ಬಂದ ಚಿತ್ರಕ್ಕೆ ಮತ್ತೆ ಡೇಟಾ ಖರ್ಚಾಗಬಾರದು, ಮತ್ತೆ ಟವರ್ ಬೇಕಾಗಬಾರದು.

ಇದನ್ನು ಸರಿಪಡಿಸಲು ಪರದೆಗೊಂದು ಕಡೆ ಕ್ಯಾಶ್ ಕೋಡ್, ಅಂದರೆ ಬಂದ ಚಿತ್ರವನ್ನು ಫೋನಿನಲ್ಲೇ ಉಳಿಸುವ ಕೋಡ್, ಹಚ್ಚುತ್ತ ಹೋದರೆ ಆರು ತಿಂಗಳಲ್ಲಿ ಯಾವ ಪರದೆಯಲ್ಲಿ ಏನಿದೆ ಎಂಬುದೇ ತಿಳಿಯದಂತಾಗುತ್ತದೆ. ಚಿತ್ರದ ಅಳತೆ, ಗುರುತು, ದೋಷ ಬಂದಾಗಿನ ನಡೆ, ಈ ಮೂರೂ ಒಂದೇ ವಿಜೆಟ್‌ನೊಳಗೆ, ಅಂದರೆ ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್‌ನಲ್ಲಿ ಪರದೆಯ ಒಂದೇ ತುಣುಕಿನೊಳಗೆ, ಕೂರಬೇಕು. ಉಳಿದ ಪರದೆಗಳೆಲ್ಲ ಅದನ್ನು ಕರೆದರೆ ಸಾಕು.

ಉದಾಹರಣೆಗೆ ಅಡಿಕೆ ಲಾಟ್ ತೋರಿಸುವ ಆ್ಯಪ್ ಒಂದನ್ನು ಇಟ್ಟುಕೊಳ್ಳೋಣ. ವಖಾರಿಯಲ್ಲಿ (ಅಡಿಕೆ ಮಾರಾಟದ ಮಳಿಗೆಯಲ್ಲಿ) ಟೆಂಡರ್‌ಗೆ ಇಟ್ಟ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಲಾಟ್‌ಗಳ ಪಟ್ಟಿ, ಪ್ರತಿ ಸಾಲಿನಲ್ಲಿ ಚಿಕ್ಕ ಫೋಟೊ, ಒತ್ತಿದರೆ ಪೂರ್ತಿ ಪರದೆಯ ಫೋಟೊ. ಕೋಡ್‌ನ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಕ್ಯಾಶ್ ಎರಡಿದೆ

ಫ್ಲಟರ್‌ನ ಇಮೇಜ್.ನೆಟ್‌ವರ್ಕ್ ತಾನೇ ಒಂದು ಕ್ಯಾಶ್ ಇಟ್ಟುಕೊಳ್ಳುತ್ತದೆ, ಆದರೆ ಅದು ರ್‍ಯಾಮ್‌ನಲ್ಲಿ ಮಾತ್ರ. ಆ್ಯಪ್ ಮುಚ್ಚಿದ ಕ್ಷಣ ಎಲ್ಲ ಹೋಯಿತು. ಈ ಮೆಮೊರಿ ಕ್ಯಾಶ್‌ಗೆ ಎರಡು ಮಿತಿ ಇವೆ: 1000 ಚಿತ್ರ ಅಥವಾ 100 ಎಂಬಿ, ಯಾವುದು ಮೊದಲು ತುಂಬುತ್ತದೋ ಅದು. ಇನ್ನೊಂದು ಡಿಸ್ಕ್ ಕ್ಯಾಶ್, ಅಂದರೆ ಡೌನ್‌ಲೋಡ್ ಆದ ಕಡತವನ್ನೇ ಫೋನಿನ ಸಂಗ್ರಹದಲ್ಲಿ ಉಳಿಸುವುದು. ಇದು ಫ್ಲಟರ್ ಜೊತೆ ಬರುವುದಿಲ್ಲ. ಕ್ಯಾಶ್ಡ್ ನೆಟ್‌ವರ್ಕ್ ಇಮೇಜ್ ಎಂಬ ಪ್ಯಾಕೇಜ್ ಮತ್ತು ಅದರ ಕೆಳಗೆ ಕೆಲಸ ಮಾಡುವ ಫ್ಲಟರ್ ಕ್ಯಾಶ್ ಮ್ಯಾನೇಜರ್ ಸೇರಿಸಿಕೊಳ್ಳಬೇಕು.

ಪಟ್ಟಿ ಎಳೆಯುವಾಗ ತಡೆಯಿಲ್ಲದೆ ಸಾಗಬೇಕಾದರೆ ಮೆಮೊರಿ ಕ್ಯಾಶ್ ಸರಿ ಇರಬೇಕು. ಟವರ್ ಇಲ್ಲದ ಕಡೆ ಫೋಟೊ ಕಾಣಬೇಕಾದರೆ ಡಿಸ್ಕ್ ಕ್ಯಾಶ್ ಸರಿ ಇರಬೇಕು. ಒಂದರ ತೊಂದರೆಗೆ ಇನ್ನೊಂದರ ಸೆಟ್ಟಿಂಗ್ ತಿರುಗಿಸಿ ದಿನಗಟ್ಟಲೆ ಕಳೆಯುವುದೇ ಈ ಕೆಲಸದಲ್ಲಿ ಹೆಚ್ಚಾಗಿ ಆಗುವ ಎಡವಟ್ಟು.

ಮೆಮೊರಿಯ ಲೆಕ್ಕ ಒಂದನ್ನು ಕೈಯಾರೆ ಮಾಡಿ ನೋಡಿ. ಈಗಿನ ಫೋನಿನಲ್ಲಿ ತೆಗೆದ ಫೋಟೊ 4000 × 3000 ಪಿಕ್ಸೆಲ್. ಜೆಪೆಗ್ ಕಡತವಾಗಿ ಅದು ಮೂರು ನಾಲ್ಕು ಎಂಬಿ ಇರಬಹುದು. ಆದರೆ ಪರದೆಗೆ ಬರಬೇಕಾದರೆ ಅದನ್ನು ಬಿಡಿಸಬೇಕು (ಡಿಕೋಡ್ ಮಾಡಬೇಕು), ಬಿಡಿಸಿದ ಮೇಲೆ ಪ್ರತಿ ಪಿಕ್ಸೆಲ್‌ಗೆ 4 ಬೈಟ್. 4000 × 3000 × 4 ಅಂದರೆ 4.8 ಕೋಟಿ ಬೈಟ್, ಸುಮಾರು 46 ಎಂಬಿ. ಅಂಥ ಎರಡು ಫೋಟೊಗೆ 100 ಎಂಬಿ ಹೆಚ್ಚುಕಡಿಮೆ ತುಂಬಿತು. ಮೂರನೆಯದು ಬಂದರೆ ಮೊದಲನೆಯದು ಹೊರಗೆ. ಬಳಕೆದಾರ ಪಟ್ಟಿಯನ್ನು ಕೆಳಗೆ ಎಳೆದು ಮತ್ತೆ ಮೇಲೆ ಬಂದರೆ ಅದೇ ಫೋಟೊವನ್ನು ಮತ್ತೆ ಬಿಡಿಸಬೇಕು, ಪರದೆ ತಡವರಿಸುತ್ತದೆ. 3 ಜಿಬಿ ರ್‍ಯಾಮ್‌ನ ಫೋನಿನಲ್ಲಿ ಆ್ಯಪ್ ತಾನಾಗಿ ಮುಚ್ಚಿಕೊಂಡರೂ ಆಶ್ಚರ್ಯವಿಲ್ಲ. ಕ್ಯಾಶ್ ಹಾಕಿದ್ದೇವಲ್ಲ, ಆದರೂ ಹೀಗೇಕೆ ಎಂದರೆ ಉತ್ತರ ಇಲ್ಲಿದೆ: ಅಳತೆ ಇಳಿಸದೆ ಕ್ಯಾಶ್ ಮಾಡಿದರೆ ಮೆಮೊರಿ ಮಟ್ಟಿಗೆ ಕ್ಯಾಶ್ ಇಲ್ಲದಂತೆಯೇ.

ಮೊದಲ ಹೆಜ್ಜೆ: ಪ್ಯಾಕೇಜ್, ಮ್ಯಾನೇಜರ್

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಫ್ಲಟರ್ ಪಬ್ ಆ್ಯಡ್ ಎಂದು ಕೊಟ್ಟು ಎರಡೂ ಪ್ಯಾಕೇಜ್ ಸೇರಿಸಿ. ಕ್ಯಾಶ್ ಮ್ಯಾನೇಜರನ್ನು ಹೆಸರಿಸಿ ಸೇರಿಸುವುದೇ ಒಳ್ಳೆಯದು, ಏಕೆಂದರೆ ಅದರ ಕ್ಲಾಸ್‌ಗಳನ್ನು ನಾವೇ ನೇರವಾಗಿ ಬಳಸಲಿದ್ದೇವೆ.

ಮ್ಯಾನೇಜರ್‌ನ ಮೂಲ ಸೆಟ್ಟಿಂಗ್ 30 ದಿನ, 200 ಕಡತ. 200 ಎಂಬುದು ಎಣಿಕೆ, ಗಾತ್ರವಲ್ಲ. ತಲಾ 4 ಎಂಬಿಯ 200 ಫೋಟೊ ಸೇರಿದರೆ 800 ಎಂಬಿ ಆಗುತ್ತದೆ. 32 ಜಿಬಿ ಫೋನಿನವರು ಮೊದಲು ಅಳಿಸುವುದೇ ಆ ಆ್ಯಪ್. ತಲಾ 25 ಕೆಬಿಯ 200 ಚಿತ್ರವಾದರೆ 5 ಎಂಬಿ, ಅಷ್ಟೇ. ಹಾಗಾಗಿ ಚಿಕ್ಕ ಚಿತ್ರಕ್ಕೂ ದೊಡ್ಡ ಚಿತ್ರಕ್ಕೂ ಒಂದೇ ಮ್ಯಾನೇಜರ್ ಕೂಡದು. ಒಂದೇ ಇಟ್ಟರೆ ಹತ್ತು ದೊಡ್ಡ ಫೋಟೊ ನೋಡಿದ್ದಕ್ಕೆ ಪಟ್ಟಿಯ ಹತ್ತು ಚಿಕ್ಕ ಚಿತ್ರಗಳು ಜಾಗ ಕಳೆದುಕೊಳ್ಳುತ್ತವೆ.

ಎರಡು ಮ್ಯಾನೇಜರ್ ಮಾಡಿ. ಚಿಕ್ಕದಕ್ಕೆ ಮ್ಯಾಕ್ಸ್‌ಎನ್‌ಆರ್‌ಆಫ್‌ಕ್ಯಾಶ್‌ಆಬ್ಜೆಕ್ಟ್ಸ್ 800, ಸ್ಟೇಲ್‌ಪೀರಿಯಡ್ 30 ದಿನ. ದೊಡ್ಡದಕ್ಕೆ 40 ಮತ್ತು 7 ದಿನ. ಚಿಕ್ಕ ಚಿತ್ರ 25 ಕೆಬಿ, ದೊಡ್ಡದು 400 ಕೆಬಿ ಎಂದು ಹಿಡಿದರೆ ಎರಡೂ ಸೇರಿ 36 ಎಂಬಿ ಸುಮಾರು. ಪ್ರತಿಯೊಂದಕ್ಕೂ ಬೇರೆ ಕೀ ಹೆಸರು ಕೊಡಿ, ಮತ್ತು ಇಡೀ ಆ್ಯಪ್‌ಗೆ ಒಂದೊಂದೇ ಪ್ರತಿ ಇರುವಂತೆ ಸ್ಟ್ಯಾಟಿಕ್ ಆಗಿ ಇಡಿ. ವಿಜೆಟ್‌ನ ಬಿಲ್ಡ್ ಫಂಕ್ಷನ್ ಒಳಗೆ ಮ್ಯಾನೇಜರ್ ಕಟ್ಟಿದರೆ ಪ್ರತಿ ಸಲ ಹೊಸ ಪ್ರತಿ ಹುಟ್ಟಿ, ಒಂದೇ ಡೇಟಾಬೇಸ್ ಮೇಲೆ ಹಲವು ಪ್ರತಿಗಳು ಕೈಯಾಡಿಸಿ, ಕೆಲವೊಮ್ಮೆ ಇರುವ ಕಡತವೂ ಇಲ್ಲ ಎಂದು ಬರುತ್ತದೆ.

ಸ್ಟೇಲ್‌ಪೀರಿಯಡ್ ಅಂದರೆ ಚಿತ್ರದ ತಾಜಾತನ ಎಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ಇಷ್ಟು ದಿನ ಯಾರೂ ಮುಟ್ಟದ ಕಡತವನ್ನು ಗುಡಿಸಿ ಹಾಕು ಎಂದಷ್ಟೇ ಅದರ ಅರ್ಥ. ತಾಜಾ ಹೌದೋ ಅಲ್ಲವೋ ಎಂಬುದನ್ನು ಸರ್ವರ್ ಕಳಿಸುವ ಕ್ಯಾಶ್-ಕಂಟ್ರೋಲ್ ಹೆಡರ್‌ನ ಮ್ಯಾಕ್ಸ್-ಏಜ್ ಹೇಳುತ್ತದೆ. ಹೆಡರ್ ಇಲ್ಲದಿದ್ದರೆ ಮ್ಯಾನೇಜರ್ 7 ದಿನ ಎಂದು ಹಿಡಿಯುತ್ತದೆ. ಅವಧಿ ಮುಗಿದ ಕಡತವಿದ್ದರೂ ಮೊದಲು ಅದನ್ನೇ ಪರದೆಗೆ ಕೊಟ್ಟು, ಹಿಂದಿನಿಂದ ಹೊಸದಕ್ಕೆ ಕೇಳುತ್ತದೆ. ಸರ್ವರ್ ಈಟ್ಯಾಗ್ (ಕಡತದ ಆವೃತ್ತಿಯ ಗುರುತು) ಕೊಟ್ಟಿದ್ದರೆ, ಚಿತ್ರ ಬದಲಾಗಿಲ್ಲವೆಂದು 304 ಉತ್ತರ ಬಂದು, ಕೆಲವೇ ನೂರು ಬೈಟ್‌ನಲ್ಲಿ ಮಾತು ಮುಗಿಯುತ್ತದೆ. ಘಟ್ಟದ ಊರುಗಳಿಗೆ ಈ ನಡೆ ವರ ಇದ್ದಂತೆ: ನೆಟ್‌ವರ್ಕ್ ಇಲ್ಲದಿದ್ದರೂ ಹಳೆಯ ಫೋಟೊ ಕಾಣುತ್ತದೆ.

ಇದೇ ನಡೆ ಕರಾವಳಿಯ ಮೀನಿನ ಆ್ಯಪ್‌ಗೆ ತಿರುಗುಬಾಣವಾಗಬಲ್ಲದು. ಕಾರವಾರದ ಬೈತಖೋಲ ಬಂದರಿನಲ್ಲೋ ತದಡಿಯಲ್ಲೋ ಇಂದು ಬಂದ ಬಂಗಡೆಯ ಫೋಟೊವನ್ನು ದಿನಾಲೂ ಒಂದೇ ವಿಳಾಸದಲ್ಲಿ ಮೇಲೆ ಮೇಲೆ ಬರೆದರೆ, ಗಿರಾಕಿಗೆ ಮೊದಲು ಕಾಣುವುದು ನಿನ್ನೆಯ ಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗಸ್ಟ್‌ನಲ್ಲಿ ಆ್ಯಪ್ ತೆರೆದವರ ಕಣ್ಣಿಗೆ ಮೊದಲು ಮೇ ತಿಂಗಳ ಫೋಟೊ ಬೀಳಬಹುದು, ಏಕೆಂದರೆ ಗುಡಿಸುವ ಕೆಲಸ ನಡೆಯುವುದೂ ಆ್ಯಪ್ ತೆರೆದ ಮೇಲೆಯೇ. ಪರಿಹಾರ ಸ್ಟೇಲ್‌ಪೀರಿಯಡ್ ಇಳಿಸುವುದಲ್ಲ. ದಿನ ಬದಲಾದರೆ ವಿಳಾಸವೂ ಬದಲಾಗಬೇಕು. ಕಡತದ ಹೆಸರಿನಲ್ಲೇ ದಿನಾಂಕ ಇರಲಿ.

ಎರಡನೆಯ ಹೆಜ್ಜೆ: ಚಿತ್ರಕ್ಕೊಂದು ಸ್ಥಿರ ಗುರುತು

ಡಿಸ್ಕ್ ಕ್ಯಾಶ್ ಹುಡುಕುವುದು ಗುರುತಿನ ಮೇಲೆ. ಬೇರೆ ಹೇಳದಿದ್ದರೆ ಇಡೀ ಯುಆರ್‌ಎಲ್ ಗುರುತಾಗುತ್ತದೆ. ಸರ್ವರ್ ಸಹಿ ಹಾಕಿದ ವಿಳಾಸ ಕೊಡುತ್ತಿದ್ದರೆ, ಅಂದರೆ ಪ್ರಶ್ನೆಚಿಹ್ನೆಯ ನಂತರ ಅವಧಿ, ಸಹಿ ಎಂದೆಲ್ಲ ಉದ್ದ ಬಾಲ ಇದ್ದರೆ, ಪಟ್ಟಿಯನ್ನು ಹೊಸದಾಗಿ ತರಿಸಿದಾಗೆಲ್ಲ ಆ ಬಾಲ ಬದಲಾಗುತ್ತದೆ. ಚಿತ್ರ ಅದೇ, ಗುರುತು ಬೇರೆ. ಪ್ರತಿ ಸಲ ಪೂರ್ತಿ ಡೌನ್‌ಲೋಡ್, ಡಿಸ್ಕ್‌ನಲ್ಲಿ ಒಂದೇ ಚಿತ್ರದ ಹತ್ತು ಪ್ರತಿ. ಕ್ಯಾಶ್ ಹಾಕಿದ ಮೇಲೂ ಡೇಟಾ ಖರ್ಚು ಇಳಿಯದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಕ್ಯಾಶ್‌ಕೀ ಎಂಬ ಜಾಗದಲ್ಲಿ ನಮ್ಮದೇ ಗುರುತು ಕೊಡಿ: ಲಾಟ್ ಸಂಖ್ಯೆ, ಫೋಟೊದ ಕ್ರಮ, ಆವೃತ್ತಿ, ಅಳತೆ. ಲಾಟ್ 118ರ ಎರಡನೇ ಫೋಟೊ, ಮೂರನೇ ಆವೃತ್ತಿ, ಚಿಕ್ಕದು ಎಂಬುದು ಲಾಟ್-118-2-ವಿ3-ಚಿಕ್ಕ ಎಂದಾಗುತ್ತದೆ. ಆವೃತ್ತಿ ಮರೆಯಬೇಡಿ. ಚೀಲ ಬಿಚ್ಚಿ ಮತ್ತೊಮ್ಮೆ ಫೋಟೊ ತೆಗೆದು ಅದೇ ಲಾಟ್‌ಗೆ ಹಾಕುವುದು ವಖಾರಿಯಲ್ಲಿ ನಡೆಯುವ ಮಾತೇ. ಆಗ ಸರ್ವರ್ ಆವೃತ್ತಿಯನ್ನು ಒಂದು ಏರಿಸಿದರೆ ಆ್ಯಪ್ ತಾನಾಗಿ ಹೊಸದನ್ನು ತರುತ್ತದೆ. ಚಾಲಿಯ ಬಣ್ಣ ನೋಡಿ ದರ ಬರೆಯುವವರಿಗೆ ಹಳೆಯ ಫೋಟೊ ತೋರಿಸುವುದು ಸಣ್ಣ ತಪ್ಪಲ್ಲ.

ಮೂರನೆಯ ಹೆಜ್ಜೆ: ಅಳತೆ ಇಳಿಸುವುದು

ಒಳ್ಳೆಯ ದಾರಿ ಸರ್ವರ್‌ನಲ್ಲೇ ಎರಡು ಪ್ರತಿ ಮಾಡಿಡುವುದು: 400 ಪಿಕ್ಸೆಲ್‌ನದು ಪಟ್ಟಿಗೆ, 2000 ಪಿಕ್ಸೆಲ್‌ನದು ಪೂರ್ತಿ ಪರದೆಗೆ, ಎರಡೂ ವೆಬ್‌ಪಿ ಅಥವಾ ಜೆಪೆಗ್, ಗುಣಮಟ್ಟ 75ರ ಆಸುಪಾಸು. ಡೇಟಾ ಉಳಿಯುವುದು ಇಲ್ಲಿ ಮಾತ್ರ. ಫೋನಿಗೆ ಬಂದ ಮೇಲೆ ಇಳಿಸಿದರೆ ಮೆಮೊರಿ ಉಳಿಯುತ್ತದೆಯೇ ಹೊರತು ಡೇಟಾ ಆಗಲೇ ಹೋಗಿರುತ್ತದೆ.

ಸರ್ವರ್‌ನಲ್ಲಿ ಇಳಿಸುವಾಗ ಒಂದು ಎಚ್ಚರ. ಫೋನ್ ನೆಟ್ಟಗೆ ಹಿಡಿದು ತೆಗೆದ ಫೋಟೊದಲ್ಲಿ ತಿರುಗಿಸಿ ತೋರಿಸು ಎಂಬ ಸೂಚನೆ ಎಕ್ಸಿಫ್ ಮಾಹಿತಿಯಲ್ಲಿ ಇರುತ್ತದೆ. ಇಳಿಸುವ ಸಾಧನ ಎಕ್ಸಿಫ್ ಕಿತ್ತು ಹಾಕಿ, ಪಿಕ್ಸೆಲ್‌ಗಳನ್ನು ತಿರುಗಿಸದೆ ಬಿಟ್ಟರೆ ಅಡಿಕೆ ಚೀಲ ಅಡ್ಡ ಮಲಗಿದಂತೆ ಕಾಣುತ್ತದೆ. ಮೂಲ ಫೋಟೊ ಸರಿ, ಚಿಕ್ಕದು ಮಾತ್ರ ಅಡ್ಡ ಎಂದರೆ ಆ್ಯಪ್ ಕೋಡ್ ಕೆದಕಬೇಡಿ. ಸರ್ವರ್‌ನಲ್ಲಿ ಮೊದಲು ತಿರುಗಿಸಿ ಆಮೇಲೆ ಇಳಿಸುವಂತೆ ಮಾಡಿ.

ಇನ್ನು ಫೋನಿನ ಕಡೆ. ಮೆಮ್‌ಕ್ಯಾಶ್‌ವಿಡ್ತ್, ಮೆಮ್‌ಕ್ಯಾಶ್‌ಹೈಟ್ ಎಂಬ ಎರಡು ಜಾಗಗಳಿವೆ. ಇಲ್ಲಿ ಕೊಡಬೇಕಾದದ್ದು ನಿಜವಾದ ಪಿಕ್ಸೆಲ್, ಫ್ಲಟರ್‌ನ ತಾರ್ಕಿಕ ಅಳತೆಯಲ್ಲ. ಚೌಕ 72 ಇದ್ದು ಫೋನಿನ ಡಿವೈಸ್‌ಪಿಕ್ಸೆಲ್‌ರೇಶಿಯೊ 2.75 ಆದರೆ 72 × 2.75 = 198. ನೇರವಾಗಿ 72 ಕೊಟ್ಟರೆ ಚಿತ್ರ ಮಸುಕು.

ಆ 198ನ್ನು ಹಾಗೇ ಕೊಡಬೇಡಿ, 200ಕ್ಕೆ ಏರಿಸಿ. ಮೆಮೊರಿ ಕ್ಯಾಶ್ ಅಳತೆಯನ್ನೂ ಗುರುತಿನ ಭಾಗವಾಗಿ ನೋಡುತ್ತದೆ. ಒಂದು ಪರದೆಯಲ್ಲಿ 198, ಇನ್ನೊಂದರಲ್ಲಿ 203, ಮತ್ತೊಂದರಲ್ಲಿ 210 ಕೇಳಿದರೆ ಒಂದೇ ಚಿತ್ರವನ್ನು ಮೂರು ಸಲ ಬಿಡಿಸಿ ಮೂರು ಪ್ರತಿ ಇಡುತ್ತದೆ. 200, 400, 800, 2000 ಎಂದು ನಾಲ್ಕೇ ಮೆಟ್ಟಿಲು ಇಟ್ಟುಕೊಂಡು, ಬೇಕಾದ ಅಳತೆಗಿಂತ ಮೇಲಿನ ಮೆಟ್ಟಿಲಿಗೆ ಹತ್ತಿಸಿದರೆ ಈ ತೊಂದರೆ ಇರುವುದಿಲ್ಲ.

ಅಗಲ, ಎತ್ತರ ಎರಡನ್ನೂ ಒಟ್ಟಿಗೆ ಕೊಟ್ಟರೆ ಚಿತ್ರ ಆ ಅಳತೆಗೆ ಹಿಗ್ಗಿಯೋ ಕುಗ್ಗಿಯೋ ವಿಕಾರವಾಗುತ್ತದೆ. ಒಂದನ್ನೇ ಕೊಡಿ. ಯಾವುದನ್ನು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಚೌಕ 200 × 200, ಫಿಟ್ ಕವರ್, ಫೋಟೊ ಅಡ್ಡ, ಅಂದರೆ 4:3. ಅಗಲ 200 ಎಂದು ಕೊಟ್ಟರೆ ಎತ್ತರ 150ಕ್ಕೆ ಇಳಿಯಿತು. ಕವರ್ ಚೌಕವನ್ನು ತುಂಬಲೇಬೇಕಾದ್ದರಿಂದ 150ನ್ನು 200ಕ್ಕೆ ಎಳೆಯುತ್ತದೆ, ಅಡಿಕೆಯ ಅಂಚುಗಳು ಮಂಜಾಗುತ್ತವೆ. ಅಡ್ಡ ಫೋಟೊಗೆ ಎತ್ತರವನ್ನು ಕೊಡಬೇಕು: ಎತ್ತರ 200, ಅಗಲ ತಾನಾಗಿ 267. ಉದ್ದ ಫೋಟೊಗೆ ಅಗಲವನ್ನು. ಇದು ಮೊದಲೇ ಗೊತ್ತಾಗಬೇಕಾದರೆ ಸರ್ವರ್ ಕಳಿಸುವ ಪಟ್ಟಿಯಲ್ಲಿ ಪ್ರತಿ ಫೋಟೊದ ಮೂಲ ಅಗಲ, ಎತ್ತರ ಇರಬೇಕು. ಎರಡು ಅಂಕೆ ಸೇರಿಸಿದರೆ ಆಗುವ ಕೆಲಸ. ಬ್ಯಾಕ್‌ಎಂಡ್ ಮಾಡುವವರನ್ನು ಕೇಳಿ ಹಾಕಿಸಿಕೊಳ್ಳಿ.

ಹೀಗೆ ಇಳಿಸಿದ ಚಿತ್ರ 267 × 200 × 4, ಸುಮಾರು 2.1 ಲಕ್ಷ ಬೈಟ್. ಹಿಂದೆ ಎರಡು ಫೋಟೊಗೆ ತುಂಬುತ್ತಿದ್ದ 100 ಎಂಬಿಯಲ್ಲಿ ಈಗ 490 ಚಿತ್ರ ಹಿಡಿಯುತ್ತವೆ.

ಪ್ಯಾಕೇಜ್‌ನಲ್ಲಿ ಮ್ಯಾಕ್ಸ್‌ವಿಡ್ತ್‌ಡಿಸ್ಕ್‌ಕ್ಯಾಶ್ ಎಂಬುದೂ ಇದೆ. ಹೆಸರು ನೋಡಿ ಆಸೆ ಹುಟ್ಟುತ್ತದೆ, ಆದರೆ ಫೋಟೊಗಳಿಗೆ ಅದು ಬೇಡ. ಮೂಲ ಕಡತವೂ ಉಳಿದು, ಇಳಿಸಿದ ಪ್ರತಿ ಪಿಎನ್‌ಜಿಯಾಗಿ ಪಕ್ಕದಲ್ಲಿ ಸೇರುತ್ತದೆ. ಫೋಟೊವನ್ನು ಪಿಎನ್‌ಜಿ ಮಾಡಿದರೆ ಗಾತ್ರ ದೊಡ್ಡದೇ ಆಗುವುದು.

ನಾಲ್ಕನೆಯ ಹೆಜ್ಜೆ: ವಿಜೆಟ್ ಕಟ್ಟುವುದು

ಹೆಸರು ಆ್ಯಪ್‌ಚಿತ್ರ ಎಂದಿರಲಿ. ಹೊರಗಿನಿಂದ ತೆಗೆದುಕೊಳ್ಳುವುದು: ವಿಳಾಸ, ಗುರುತು, ಚೌಕದ ಅಗಲ ಮತ್ತು ಎತ್ತರ, ಫೋಟೊದ ಮೂಲ ಅಗಲ ಮತ್ತು ಎತ್ತರ, ಫಿಟ್, ಮ್ಯಾನೇಜರ್, ಮತ್ತು ಓದಿ ಹೇಳಬೇಕಾದ ವಿವರಣೆ. ಮರುಯತ್ನ ಬೇಕಿರುವುದರಿಂದ ಸ್ಟೇಟ್‌ಫುಲ್ ಆಗಿಯೇ ಮಾಡಿ.

ಬಿಲ್ಡ್ ಒಳಗೆ ಮೊದಲ ಸಾಲು ವಿಳಾಸದ ಪರೀಕ್ಷೆ. ನಲ್, ಖಾಲಿ, ಅಥವಾ ಎಚ್‌ಟಿಟಿಪಿಎಸ್ ಎಂದು ಆರಂಭವಾಗದ ವಿಳಾಸ ಬಂದರೆ ನೆಟ್‌ವರ್ಕ್ ಕಡೆ ಹೋಗದೆ ನೇರವಾಗಿ ಫೋಟೊ ಇಲ್ಲ ಎಂಬ ಚೌಕ ಕೊಡಿ. ಫೋಟೊ ಇಲ್ಲದ ಲಾಟ್ ಇದ್ದೇ ಇರುತ್ತದೆ, ಅದು ದೋಷವಲ್ಲ.

ಎಲ್ಲವನ್ನೂ ನಿಗದಿತ ಅಳತೆಯ ಸೈಜ್ಡ್‌ಬಾಕ್ಸ್‌ನೊಳಗೆ ಇಡಿ. ಚಿತ್ರ ಬರುವ ಮುಂಚೆ, ಬಂದ ಮೇಲೆ, ಬರದೇ ಹೋದಾಗ, ಮೂರೂ ಸಲ ಒಂದೇ ಜಾಗ ಹಿಡಿಯಬೇಕು. ಇಲ್ಲದಿದ್ದರೆ ಬೆರಳು ಒತ್ತುವಷ್ಟರಲ್ಲಿ ಸಾಲು ಕೆಳಗೆ ಜಾರಿ, ಬೇರೆ ಲಾಟ್ ತೆರೆದುಕೊಳ್ಳುತ್ತದೆ.

ಚಿತ್ರ ಬರುವವರೆಗೆ ಕಾಣುವ ಪ್ಲೇಸ್‌ಹೋಲ್ಡರ್‌ಗೆ ಒಂದು ತಿಳಿ ಬಣ್ಣದ ಚೌಕ ಸಾಕು. ಪ್ರತಿ ಸಾಲಿನಲ್ಲೂ ತಿರುಗುವ ಚಕ್ರ ಇಟ್ಟರೆ ಕಣ್ಣಿಗೂ ಕಿರಿಕಿರಿ, ಕಡಿಮೆ ಬೆಲೆಯ ಫೋನಿಗೂ ಹೊರೆ. ಶೇಕಡಾವಾರು ತೋರಿಸಬೇಕಾದದ್ದು ದೊಡ್ಡ ಫೋಟೊಗೆ ಮಾತ್ರ. ಅಲ್ಲಿ ಪ್ರೋಗ್ರೆಸ್‌ಇಂಡಿಕೇಟರ್‌ಬಿಲ್ಡರ್ ಬಳಸಿ. ಅದನ್ನೂ ಪ್ಲೇಸ್‌ಹೋಲ್ಡರನ್ನೂ ಒಟ್ಟಿಗೆ ಕೊಡಲು ಪ್ಯಾಕೇಜ್ ಬಿಡುವುದಿಲ್ಲ.

ಫೇಡ್‌ಇನ್ ಮೂಲದಲ್ಲಿ 500 ಮಿಲಿಸೆಕೆಂಡ್, ಫೇಡ್‌ಔಟ್ 1000. ಪಟ್ಟಿಗೆ ಇದು ತೀರ ನಿಧಾನ. ಡಿಸ್ಕ್‌ನಲ್ಲೇ ಇದ್ದ ಚಿತ್ರವೂ ಈಗಷ್ಟೇ ಡೌನ್‌ಲೋಡ್ ಆದಂತೆ ಕಾಣುತ್ತದೆ. ಎರಡನ್ನೂ 150ಕ್ಕೆ ಇಳಿಸಿ. ಯೂಸ್‌ಓಲ್ಡ್‌ಇಮೇಜ್‌ಆನ್‌ಯುಆರ್‌ಎಲ್‌ಚೇಂಜ್ ಎಂಬುದು ಮೂಲದಲ್ಲಿ ಫಾಲ್ಸ್, ಹಾಗೇ ಬಿಡಿ. ಟ್ರೂ ಮಾಡಿದರೆ ಪಟ್ಟಿಯ ವಿಂಗಡಣೆ ಬದಲಾದಾಗ ಬೆಟ್ಟೆ ಲಾಟ್‌ನ ಸಾಲಿನಲ್ಲಿ ಕ್ಷಣಕಾಲ ರಾಶಿಯ ಫೋಟೊ ನಿಲ್ಲುತ್ತದೆ.

ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವವರಿಗಾಗಿ ಹೊರಗೊಂದು ಸೆಮ್ಯಾಂಟಿಕ್ಸ್ ವಿಜೆಟ್ ಸುತ್ತಿ, ‘ಚಾಲಿ, ಲಾಟ್ 118, ಎರಡನೇ ಫೋಟೊ’ ಎಂಬಂಥ ವಿವರಣೆಯನ್ನು ಕನ್ನಡದಲ್ಲೇ ಕೊಡಿ.

ದೋಷ ಬಂದಾಗ

ಎರರ್‌ವಿಜೆಟ್‌ಗೆ ಮುರಿದ ಚಿತ್ರದ ಐಕಾನ್ ಇಟ್ಟು ಸುಮ್ಮನಾಗುವುದೇ ಹೆಚ್ಚು. ಆದರೆ ದೋಷಗಳೆಲ್ಲ ಒಂದೇ ಅಲ್ಲ, ಬಳಕೆದಾರ ಮಾಡಬಹುದಾದದ್ದೂ ಒಂದೇ ಅಲ್ಲ.

ಸಾಕೆಟ್‌ಎಕ್ಸೆಪ್ಶನ್ ಬಂದರೆ ನೆಟ್‌ವರ್ಕ್ ಇಲ್ಲ. ‘ಮತ್ತೆ ಪ್ರಯತ್ನಿಸಿ’ ಗುಂಡಿ ಕೊಡಿ. 404 ಬಂದರೆ ಫೋಟೊ ಸರ್ವರ್‌ನಲ್ಲೇ ಇಲ್ಲ. ಗುಂಡಿ ಕೊಟ್ಟು ಪ್ರಯೋಜನವಿಲ್ಲ, ‘ಫೋಟೊ ಇಲ್ಲ’ ಎಂದು ಬರೆಯಿರಿ. 403 ಬಂದರೆ ಸಹಿ ಹಾಕಿದ ವಿಳಾಸದ ಅವಧಿ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಅದೇ ವಿಳಾಸಕ್ಕೆ ಮತ್ತೆ ಕೇಳಿದರೆ ಮತ್ತೆ 403. ಲಾಟ್ ಪಟ್ಟಿಯನ್ನೇ ಹೊಸದಾಗಿ ತರಿಸಬೇಕು.

ನಾಲ್ಕನೆಯದು ಇನ್‌ವ್ಯಾಲಿಡ್ ಇಮೇಜ್ ಡೇಟಾ. ಇದು ಮೋಸದ ದೋಷ. ಲಾಡ್ಜ್ ಅಥವಾ ನಿಲ್ದಾಣದ ಉಚಿತ ವೈಫೈಗೆ ಫೋನ್ ಸೇರಿಕೊಂಡಿದೆ, ಆದರೆ ಒಟಿಪಿ ಹಾಕಿಲ್ಲ ಎಂದುಕೊಳ್ಳಿ. ಎಚ್‌ಟಿಟಿಪಿ ವಿಳಾಸಕ್ಕೆ ಕೇಳಿದರೆ ಚಿತ್ರದ ಬದಲು ಲಾಗಿನ್ ಪುಟದ ಎಚ್‌ಟಿಎಂಎಲ್ ಬರಬಹುದು, ಅದೂ 200 ಎಂಬ ಯಶಸ್ಸಿನ ಸಂಕೇತದೊಂದಿಗೆ. ಮ್ಯಾನೇಜರ್‌ಗೆ ಒಳಗೇನಿದೆ ಎಂಬುದು ಬೇಕಾಗಿಲ್ಲ; ಅದು ಆ ಪುಟವನ್ನೇ ಲಾಟ್ 118ರ ಫೋಟೊ ಎಂದು ಡಿಸ್ಕ್‌ಗೆ ಬರೆಯುತ್ತದೆ. ಆಮೇಲೆ ಒಳ್ಳೆಯ ನೆಟ್‌ವರ್ಕ್‌ಗೆ ಬಂದರೂ ಅವಧಿ ಮುಗಿಯುವವರೆಗೆ ಆ ಫೋಟೊ ಮುರಿದೇ ಇರುತ್ತದೆ. ಆ್ಯಪ್ ಮುಚ್ಚಿ ತೆರೆದರೂ ಅಷ್ಟೇ. ಎಚ್‌ಟಿಟಿಪಿಎಸ್ ಬಳಸಿದರೆ ಈ ಅಪಾಯ ಬಹುಪಾಲು ಕಳೆಯುತ್ತದೆ, ಏಕೆಂದರೆ ನಡುವಿನವರು ಪುಟ ತೂರಿಸಿದರೆ ಸಂಪರ್ಕವೇ ಕಡಿಯುತ್ತದೆ. ಆದರೆ ನಮ್ಮದೇ ಸರ್ವರ್ ದುರಸ್ತಿಯಲ್ಲಿದ್ದಾಗ 200ರ ಜೊತೆ ‘ಸ್ವಲ್ಪ ಹೊತ್ತು ಬಿಟ್ಟು ಬನ್ನಿ’ ಪುಟ ಕಳಿಸಿದರೂ ಫಲ ಅದೇ.

ಆದ್ದರಿಂದ ಮರುಯತ್ನದ ಗುಂಡಿ ಬರೀ ಸೆಟ್‌ಸ್ಟೇಟ್ ಕರೆದರೆ ಸಾಲದು. ಅದು ಈ ಕ್ರಮದಲ್ಲಿ ನಡೆಯಲಿ:

1. ಎವಿಕ್ಟ್‌ಫ್ರಮ್‌ಕ್ಯಾಶ್ ಕರೆಯಿರಿ. ವಿಳಾಸದ ಜೊತೆ ನಮ್ಮ ಕ್ಯಾಶ್‌ಕೀ, ನಮ್ಮ ಮ್ಯಾನೇಜರ್ ಎರಡನ್ನೂ ಕೊಡಿ. ಕೊಡದಿದ್ದರೆ ಅದು ಮೂಲ ಮ್ಯಾನೇಜರ್‌ನಲ್ಲಿ ಹುಡುಕಿ, ಏನೂ ಸಿಗದೆ, ಸದ್ದಿಲ್ಲದೆ ಮರಳುತ್ತದೆ.
2. ಅದು ಮುಗಿಯುವವರೆಗೆ ಅವೇಟ್ ಮಾಡಿ, ವಿಜೆಟ್ ಇನ್ನೂ ಪರದೆಯಲ್ಲಿದೆಯೇ ಎಂದು ಮೌಂಟೆಡ್ ನೋಡಿ.
3. ಯತ್ನದ ಎಣಿಕೆಯನ್ನು ಒಂದು ಏರಿಸಿ, ಅದನ್ನು ವ್ಯಾಲ್ಯೂಕೀ ಒಳಗೆ ಸೇರಿಸಿ. ಕೀ ಬದಲಾದರೆ ಮಾತ್ರ ಫ್ಲಟರ್ ಆ ಭಾಗವನ್ನು ಹೊಸದಾಗಿ ಕಟ್ಟುತ್ತದೆ.

ತಾನಾಗಿ ಮರುಯತ್ನ ಮಾಡುವುದು ಬೇಡ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್‌ನ ಬ್ಯಾಟರಿಯೂ ಇಳಿದಾಗ, ಪಟ್ಟಿಯ ಎಲ್ಲ ಚಿತ್ರಗಳು ಸೆಕೆಂಡಿಗೊಮ್ಮೆ ಕೇಳುತ್ತ ಕೂತರೆ ಫೋನಿನ ಬ್ಯಾಟರಿಯೂ ಹೋಗುತ್ತದೆ. ಆಗ ಚಾರ್ಜ್ ಮಾಡಲು ಕರೆಂಟ್ ಕೂಡ ಇರುವುದಿಲ್ಲ.

ಡೀಬಗ್ ಮಾಡುವಾಗ 404 ಬಂದಲ್ಲಿ ಎಡಿಟರ್ ನಿಂತುಬಿಟ್ಟರೆ ಗಾಬರಿ ಬೇಡ. ಪ್ಯಾಕೇಜ್ ಆ ದೋಷವನ್ನು ಹಿಡಿದುಕೊಳ್ಳುತ್ತದೆ, ಡೀಬಗರ್‌ಗೆ ಅದು ಕಾಣದೆ ನಿಲ್ಲಿಸುತ್ತದೆ, ಅಷ್ಟೇ. ಮುಂದುವರಿಸಿ ಎಂದು ಒತ್ತಿದರೆ ಎರರ್‌ವಿಜೆಟ್ ಬರುತ್ತದೆ.

ಟವರ್ ಇರುವಾಗಲೇ ತುಂಬಿಸಿಕೊಳ್ಳುವುದು

ಇಲ್ಲಿಯವರೆಗಿನ ಕೆಲಸದಿಂದ ಒಮ್ಮೆ ನೋಡಿದ ಫೋಟೊ ಉಳಿಯಿತು. ನೋಡದೇ ಇದ್ದದ್ದು? ಪೇಟೆಯಲ್ಲಿ ಪಟ್ಟಿ ತೆರೆದವರು ಮೊದಲ ಎಂಟು ಲಾಟ್ ನೋಡಿ ಫೋನ್ ಜೇಬಿಗೆ ಹಾಕಿರುತ್ತಾರೆ, ಉಳಿದದ್ದನ್ನು ಮನೆಯಲ್ಲಿ ನೋಡೋಣ ಎಂದು. ಪಟ್ಟಿ ಬಂದ ಕೂಡಲೇ ಎಲ್ಲ ಚಿಕ್ಕ ಚಿತ್ರಗಳನ್ನು ಹಿಂದಿನಿಂದ ಡಿಸ್ಕ್‌ಗೆ ತರಿಸಿಡಿ. 120 ಲಾಟ್, ತಲಾ 25 ಕೆಬಿ ಎಂದರೆ 3 ಎಂಬಿ, ಇಷ್ಟು ಕೇಳುವುದು ಹೆಚ್ಚಲ್ಲ. ದೊಡ್ಡ ಫೋಟೊಗಳನ್ನು ಹೀಗೆ ತರಿಸಬೇಡಿ. ಬಳಕೆದಾರ ಗುರುತು ಹಾಕಿಕೊಂಡ ಲಾಟ್‌ನದ್ದಾದರೆ ಸರಿ.

ತರಿಸಲು ಮ್ಯಾನೇಜರ್‌ನ ಗೆಟ್‌ಸಿಂಗಲ್‌ಫೈಲ್ ಬಳಸಿ, ನಮ್ಮ ಗುರುತಿನ ಜೊತೆ. ಕಡತ ಇದ್ದು ಅವಧಿಯೊಳಗಿದ್ದರೆ ಅದು ನೆಟ್‌ವರ್ಕ್ ಮುಟ್ಟುವುದಿಲ್ಲ. ಡೌನ್‌ಲೋಡ್‌ಫೈಲ್ ಹಾಗಲ್ಲ, ಪ್ರತಿ ಸಲ ಸರ್ವರ್‌ಗೆ ಹೋಗುತ್ತದೆ. ಪ್ರೀಕ್ಯಾಶ್‌ಇಮೇಜ್ ಎಂಬ ಫ್ಲಟರ್‌ನ ಸ್ವಂತ ವಿಧಾನ ಚಿತ್ರವನ್ನು ಬಿಡಿಸಿ ರ್‍ಯಾಮ್‌ಗೂ ಏರಿಸುತ್ತದೆ. ಪೂರ್ತಿ ಪರದೆಯಲ್ಲಿ ಪಕ್ಕದ ಒಂದೆರಡು ಫೋಟೊಗೆ ಅದು ಸರಿ, ನೂರಿಪ್ಪತ್ತಕ್ಕೆ ಅಲ್ಲ.

ಮ್ಯಾನೇಜರ್ ಮೂಲದಲ್ಲಿ ಏಕಕಾಲಕ್ಕೆ 10 ಡೌನ್‌ಲೋಡ್ ನಡೆಸುತ್ತದೆ. ಒಂದು ಕಡ್ಡಿ ಸಿಗ್ನಲ್‌ನಲ್ಲಿ ಹತ್ತೂ ಹಂಚಿಕೊಂಡು ಹತ್ತೂ ಅರ್ಧಕ್ಕೆ ನಿಲ್ಲುತ್ತವೆ. ಹಿಂದಿನಿಂದ ತರಿಸುವಾಗ ಮೂರು ನಾಲ್ಕರ ಗುಂಪು ಮಾಡಿ, ಒಂದು ಗುಂಪು ಮುಗಿದ ಮೇಲೆ ಇನ್ನೊಂದು. ಆಗ ಸಂಪರ್ಕ ನಡುವೆ ಕಡಿದರೂ ಅಷ್ಟರವರೆಗಿನ ಚಿತ್ರಗಳು ಪೂರ್ತಿಯಾಗಿ ಸೇರಿರುತ್ತವೆ. ಒಂದು ಚಿತ್ರ ಸೋತರೆ ಅದನ್ನು ಬಿಟ್ಟು ಮುಂದೆ ಹೋಗಿ.

ಪೂರ್ತಿ ಪರದೆ

ಖರೀದಿದಾರರು ಫೋಟೊ ಹಿಗ್ಗಿಸಿ ಸಿಪ್ಪೆ ಅಂಟಿದೆಯೇ, ಬಣ್ಣ ಒಂದೇ ಸಮ ಇದೆಯೇ ಎಂದು ನೋಡುತ್ತಾರೆ. ಇಂಟರಾಕ್ಟಿವ್‌ವ್ಯೂವರ್ ಒಳಗೆ ಆ್ಯಪ್‌ಚಿತ್ರವನ್ನೇ ಇಡಿ, ಫಿಟ್ ಕಂಟೇನ್, ಮೆಟ್ಟಿಲು 2000, ದೊಡ್ಡದರ ಮ್ಯಾನೇಜರ್. 2000 × 1500 × 4 ಅಂದರೆ 1.2 ಕೋಟಿ ಬೈಟ್, ಒಂದು ಫೋಟೊಗೆ ಇಷ್ಟು ಸರಿ. ಹಿಗ್ಗಿಸುವ ಮಿತಿ ಮೂಲದಲ್ಲಿ 2.5 ಪಟ್ಟು; ಅದಕ್ಕಿಂತ ಏರಿಸಿದರೆ ಬರೀ ಮಸುಕು ದೊಡ್ಡದಾಗುತ್ತದೆ.

ದೊಡ್ಡದು ಬರುವವರೆಗೆ ಪ್ರೋಗ್ರೆಸ್‌ಇಂಡಿಕೇಟರ್‌ಬಿಲ್ಡರ್ ಒಳಗೇ ಅದೇ ಲಾಟ್‌ನ ಚಿಕ್ಕ ಚಿತ್ರವನ್ನೂ ತೋರಿಸಿ. ಮೆಮೊರಿಯಿಂದ ತಕ್ಷಣ ಬರಬೇಕಾದರೆ ಪಟ್ಟಿಯಲ್ಲಿ ಬಳಸಿದ ಅದೇ ಗುರುತು, ಅದೇ ಮೆಟ್ಟಿಲು ಕೊಡಬೇಕು. ದೊಡ್ಡ ಫೋಟೊ ಬರಲೇ ಇಲ್ಲವಾದರೂ ಆ ಚಿಕ್ಕದೇ ಉಳಿಯಲಿ, ಕೆಳಗೆ ‘ಪೂರ್ತಿ ಫೋಟೊ ಬಂದಿಲ್ಲ’ ಎಂಬ ಒಂದು ಸಾಲು ಇರಲಿ.

ಕ್ಯಾಶ್‌ನಲ್ಲಿ ಇಡಬಾರದ್ದು

ಈ ಕಡತಗಳೆಲ್ಲ ಫೋನಿನ ಕ್ಯಾಶ್ ಫೋಲ್ಡರ್‌ನಲ್ಲಿರುತ್ತವೆ. ಜಾಗ ಕಡಿಮೆಯಾದಾಗ ಸಿಸ್ಟಮ್ ಅವನ್ನು ಅಳಿಸಬಹುದು. ಬಳಕೆದಾರ ಸೆಟ್ಟಿಂಗ್ಸ್‌ಗೆ ಹೋಗಿ ಕ್ಲಿಯರ್ ಕ್ಯಾಶ್ ಒತ್ತಿದರೂ ಅಷ್ಟೇ. ಲಾಟ್ ಫೋಟೊ ಅಳಿದರೆ ಮತ್ತೆ ತರಿಸಬಹುದು. ಆದರೆ ಬೆಳೆಗಾರರು ತೆಗೆದು ಇನ್ನೂ ಅಪ್‌ಲೋಡ್ ಆಗದ ಫೋಟೊ, ತೂಕದ ಚೀಟಿ, ಹಣ ಪಾವತಿಯ ರಸೀದಿ, ಇವು ಕ್ಯಾಶ್‌ನ ಪಾಲಲ್ಲ. ಅವನ್ನು ಆ್ಯಪ್‌ನ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಇಟ್ಟು ಇಮೇಜ್.ಫೈಲ್ ಮೂಲಕ ತೋರಿಸಿ.

ಲಾಗ್ಔಟ್ ಆದಾಗ ಎರಡೂ ಮ್ಯಾನೇಜರ್‌ಗಳ ಎಂಪ್ಟಿಕ್ಯಾಶ್ ಕರೆದು, ಫ್ಲಟರ್‌ನ ಇಮೇಜ್‌ಕ್ಯಾಶ್‌ನಲ್ಲಿ ಕ್ಲಿಯರ್, ಕ್ಲಿಯರ್‌ಲೈವ್‌ಇಮೇಜಸ್ ಎರಡನ್ನೂ ಕರೆಯಿರಿ. ಮನೆಗೊಂದೇ ಫೋನ್ ಇರುವಲ್ಲಿ ಒಬ್ಬರ ಲಾಟ್ ಫೋಟೊ ಇನ್ನೊಬ್ಬರ ಖಾತೆಯಲ್ಲಿ ಇಣುಕಬಾರದು.

ಬಿಡುಗಡೆಗೆ ಮುಂಚೆ ಪರೀಕ್ಷೆ

ಡೀಬಗ್ ಬಿಲ್ಡ್‌ನಲ್ಲಿ ಎಲ್ಲ ಫೋಟೊ ಬಂದು, ರಿಲೀಸ್ ಬಿಲ್ಡ್‌ನಲ್ಲಿ ಒಂದೂ ಬರದಿದ್ದರೆ ಆಂಡ್ರಾಯ್ಡ್ ಮ್ಯಾನಿಫೆಸ್ಟ್ ನೋಡಿ. ಇಂಟರ್ನೆಟ್ ಅನುಮತಿ ಡೀಬಗ್, ಪ್ರೊಫೈಲ್ ಫೋಲ್ಡರ್‌ಗಳ ಮ್ಯಾನಿಫೆಸ್ಟ್‌ನಲ್ಲಿ ಮಾತ್ರ ಇದ್ದು, ಮೇನ್ ಫೋಲ್ಡರ್‌ನದ್ದರಲ್ಲಿ ಇರದಿರಬಹುದು. ವಿಳಾಸ ಎಚ್‌ಟಿಟಿಪಿ ಆಗಿದ್ದರೆ ಆಂಡ್ರಾಯ್ಡ್ 9ರಿಂದೀಚೆಗೆ ಸಿಸ್ಟಮ್ ತಡೆಯಬಹುದು, ಐಫೋನ್‌ನಲ್ಲೂ ತಡೆಯಿದೆ. ಆ ತಡೆ ಸಡಿಲಿಸಲು ಹೋಗದೆ ಸರ್ವರನ್ನೇ ಎಚ್‌ಟಿಟಿಪಿಎಸ್‌ಗೆ ತನ್ನಿ.

ಅಳತೆ ಸರಿಯಿದೆಯೇ ನೋಡಲು ಮೇನ್ ಫಂಕ್ಷನ್‌ನಲ್ಲಿ ಡೀಬಗ್‌ಇನ್‌ವರ್ಟ್‌ಓವರ್‌ಸೈಜ್ಡ್‌ಇಮೇಜಸ್ ಎಂಬುದನ್ನು ಟ್ರೂ ಮಾಡಿ ಆ್ಯಪ್ ಓಡಿಸಿ. ಬೇಕಾದ್ದಕ್ಕಿಂತ ತೀರ ದೊಡ್ಡದಾಗಿ ಬಿಡಿಸಿದ ಚಿತ್ರಗಳು ತಲೆಕೆಳಗಾಗಿ, ಬಣ್ಣ ಉಲ್ಟಾ ಆಗಿ ಕಾಣುತ್ತವೆ. ಪ್ರತಿ ಪರದೆಯನ್ನೂ ಒಮ್ಮೆ ಸುತ್ತಿ ಬನ್ನಿ. ಯಾವ ಪರದೆಯಲ್ಲಿ ಆ್ಯಪ್‌ಚಿತ್ರ ಬಿಟ್ಟು ಹಳೆಯ ಇಮೇಜ್.ನೆಟ್‌ವರ್ಕ್ ಉಳಿದಿದೆಯೋ ಅದು ತಾನಾಗಿ ಸಿಕ್ಕಿಬೀಳುತ್ತದೆ.

ಫ್ಲಟರ್‌ನ ವಿಜೆಟ್ ಟೆಸ್ಟ್‌ನಲ್ಲಿ ಎಲ್ಲ ನೆಟ್‌ವರ್ಕ್ ಕೋರಿಕೆಗೂ 400 ಉತ್ತರವೇ ಬರುವುದು. ಆದ್ದರಿಂದಲೇ ಮ್ಯಾನೇಜರನ್ನು ಹೊರಗಿನಿಂದ ಕೊಡುವಂತೆ ವಿಜೆಟ್ ಕಟ್ಟಿದ್ದು. ಟೆಸ್ಟ್‌ನಲ್ಲಿ ಒಂದು ನಕಲಿ ಮ್ಯಾನೇಜರ್ ಕೊಟ್ಟು ಸ್ಥಳೀಯ ಕಡತವನ್ನು ಮರಳಿಸಿ.

ಕೊನೆಯ ಪರೀಕ್ಷೆಯನ್ನು ನಿಜವಾದ ಫೋನಿನಲ್ಲಿ ಮಾಡಿ, ಅದೂ ಕಡಿಮೆ ರ್‍ಯಾಮ್‌ನದ್ದರಲ್ಲಿ. ರಿಲೀಸ್ ಬಿಲ್ಡ್ ಹಾಕಿ, ವೈಫೈಯಲ್ಲಿ ಲಾಟ್ ಪಟ್ಟಿ ತೆರೆದು, ಏನನ್ನೂ ಎಳೆಯದೆ ಒಂದೆರಡು ನಿಮಿಷ ಬಿಡಿ. ಆ್ಯಪನ್ನು ಫೋರ್ಸ್ ಸ್ಟಾಪ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಮತ್ತೆ ತೆರೆಯಿರಿ. ಪಟ್ಟಿಯ ಪಠ್ಯವನ್ನೂ ಫೋನಿನಲ್ಲಿ ಉಳಿಸಿದ್ದರೆ ಕೊನೆಯ ಲಾಟ್‌ವರೆಗೆ ಎಲ್ಲ ಚಿಕ್ಕ ಫೋಟೊಗಳೂ ಬರಬೇಕು. ಮೊದಲ ಎಂಟು ಬಂದು ಉಳಿದವು ಬರದಿದ್ದರೆ, ಹಿಂದಿನಿಂದ ತರಿಸುವಾಗ ಕೊಟ್ಟ ಗುರುತು ಮತ್ತು ವಿಜೆಟ್ ಕೇಳುವ ಗುರುತು ಬೇರೆ ಬೇರೆ ಇವೆ ಎಂದೇ ಹಿಡಿಯಿರಿ. ಗುರುತು ಕಟ್ಟುವ ಫಂಕ್ಷನ್ ಒಂದೇ ಇದ್ದು, ಎರಡೂ ಕಡೆಯಿಂದ ಅದನ್ನೇ ಕರೆಯುವಂತೆ ಮಾಡಿ.